ಲವಲ್ವಾದ ಬೈಸಿಕಲ್ ರೂವಾರಿ

ಬೇಲೂರಿನ ವಿಗ್ರಹಗಳ ಪೀಠದಲ್ಲಿ ಬಳ್ಳಿಗಾವೆಯ ದಾಸೋಜನ ಹೆಸರಿದೆ. ಆತನ ಮಗ ಚಾವಣನ ಹೆಸರಿದೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ರೂವಾರಿಯ ಹೆಸರನ್ನು ಓದಿದ ಮೇಲೆ ವಿಗ್ರಹವನ್ನು ನೋಡುವ ನಮ್ಮ ಕಣ್ಣೇ ಬೇರೆಯಾಗುತ್ತದೆ. ಇದನ್ನು ಮಾಡಿದ್ದು ರಾಜನ ದ್ರವ್ಯವಲ್ಲ, ಒಬ್ಬ ಮನುಷ್ಯನ ಕೈ ಎಂಬ ಅರಿವು ಆಗ ಮೂಡುತ್ತದೆ. ನಿತ್ಯ ಬಳಕೆಯ ಯಂತ್ರಗಳಿಗೆ ಈ ಭಾಗ್ಯವಿಲ್ಲ. ಬೈಸಿಕಲ್ಲನ್ನೇ ನೋಡಿರಿ: ಅಷ್ಟು ಕೋಟಿ ಜನ ಏರಿ ಇಳಿದ ವಾಹನ ಮತ್ತೊಂದಿಲ್ಲ, ಆದರೆ ಅದರ ಕೊರಳಿನ ತಗಡಿನ ಮೇಲಿರುವುದು ಕಂಪನಿಯ ಮುದ್ರೆಯೇ ಹೊರತು ಕೈಯ ಹೆಸರಲ್ಲ. ಹೀಗಿರುವಾಗ, ತಾನು ಮಾಡಿದ ಬೈಸಿಕಲ್ಲಿನ ಮೇಲೆ ತನ್ನ ಹೆಸರನ್ನೇ ಬರೆದು, ಆ ಹೆಸರಿಗೆ ತಾನೇ ಹೊಣೆಯಾಗಿ ನಿಂತ ಕೆಲವು ಕುಶಲಿಗಳು ಕಳೆದ ಶತಮಾನದ ಫ್ರಾನ್ಸಿನಲ್ಲಿ ಆಗಿಹೋದರು. ಅವರಲ್ಲಿ ಅಗ್ರಗಣ್ಯನಾದವನು ರೆನೆ ಎರ್ಸ್ (1908–1976).

ಈತನ ಹೆಸರನ್ನು ಬರೆಯುವಾಗ ಮೊದಲಲ್ಲಿ ಒಂದು ಹಕಾರವುಂಟು; ಫ್ರೆಂಚರು ಅದನ್ನು ಉಚ್ಚರಿಸುವುದಿಲ್ಲ. ‘ಪಾಲ’ನ್ನು ‘ಹಾಲು’ ಮಾಡಿಕೊಂಡು, ಹಳ್ಳಿಯ ಬಾಯಲ್ಲಿ ಅದನ್ನು ‘ಆಲು’ ಎಂದೂ ಕರೆಯುವ ನಮಗೆ ಇದೇನೂ ಸೋಜಿಗವಲ್ಲ.

ಎರ್ಸನ ಕಾರ್ಯಾಗಾರವಿದ್ದುದು ಪ್ಯಾರಿಸ್ಸಿಗೆ ಅಂಟಿಕೊಂಡ ಲವಲ್ವಾ-ಪೆರೆ ಎಂಬ ಊರಿನಲ್ಲಿ. ಕಬ್ಬಿಣದ ಕೆಲಸಕ್ಕೆ ಹೆಸರಾದ ಊರು ಅದು. ಐಫೆಲ್ ಗೋಪುರದ ತೊಲೆಗಳನ್ನು ಕೊರೆದು ಹೊಂದಿಸಿ ಸಿದ್ಧಗೊಳಿಸಿದ್ದು ಅಲ್ಲಿಯ ಕಾರ್ಖಾನೆಯಲ್ಲಿ. ಸಿಟ್ರೊಯೆನ್ ಕಂಪನಿ ತನ್ನ ಪ್ರಸಿದ್ಧವಾದ ‘2 ಸಿ.ವಿ.’ ಎಂಬ ಅಗ್ಗದ ಮೋಟಾರು ಗಾಡಿಯನ್ನು ದಶಕಗಳ ಕಾಲ ತಯಾರಿಸಿದ್ದೂ ಅಲ್ಲಿಯೇ. ಈ ಎರಡನೆಯ ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟಿರಬೇಕು. ಎರ್ಸನ ಕಥೆಯಲ್ಲಿ ಅದಕ್ಕೆ ಪಾತ್ರವಿದೆ.

ಎರ್ಸ್ ಹುಟ್ಟಿಬಂದ ಪರಂಪರೆಯ ಮೂಲ ಸಾಂತ್-ಎತಿಯೆನ್ ಎಂಬ ಊರಿನ ಪಾಲ್ ದ ವಿವಿ (1853–1930) ಎಂಬ ಸತ್ಪುರುಷ. ‘ವೆಲೋಸಿಯೊ’ ಎಂಬುದು ಆತನ ಕಾವ್ಯನಾಮ. ಸ್ಪರ್ಧೆಗಾಗಿ ಅಲ್ಲದೆ ಬೆಟ್ಟ ಕಣಿವೆಗಳನ್ನು ನೋಡುತ್ತ ದೂರ ಸಾಗುವುದಕ್ಕಾಗಿ ಬೈಸಿಕಲ್ಲು ಇದೆ ಎಂದು ಆತ 1887ರಿಂದ ತನ್ನ ಪತ್ರಿಕೆಯ ಮೂಲಕ ಸಾರುತ್ತ ಬಂದ. ಏರಿನಲ್ಲಿ ತುಳಿತ ಹಗುರಾಗಲು ಹಲವು ಗೇರುಗಳು ಬೇಕೆಂದು ವಾದಿಸಿದ. ಸ್ಪರ್ಧಾಲೋಕಕ್ಕೆ ಇದು ರುಚಿಸಲಿಲ್ಲ. ಅಂದಿನ ಅತಿ ದೊಡ್ಡ ಸ್ಪರ್ಧೆಯಾದ ‘ಟೂರ್ ದ ಫ್ರಾನ್ಸ್’ನಲ್ಲಿ ಸರಪಳಿಯನ್ನು ಹಲ್ಲಿನಿಂದ ಹಲ್ಲಿಗೆ ದಾಟಿಸುವ ಗೇರಿಗೆ ಅನುಮತಿ ದೊರೆತದ್ದು 1937ರಲ್ಲಿ! ಅಷ್ಟು ಹೊತ್ತಿಗೆ ವಿಹಾರಕ್ಕೆ ಹೊರಡುವ ಸಾಮಾನ್ಯ ಗುಮಾಸ್ತ, ಉಪಾಧ್ಯಾಯರ ಬೈಸಿಕಲ್ಲುಗಳು ಈ ವಿದ್ಯೆಯಲ್ಲಿ ಪಳಗಿಹೋಗಿದ್ದವು. ಬೈಸಿಕಲ್ಲಿನ ಸುಧಾರಣೆಯೆಲ್ಲ ಸ್ಪರ್ಧೆಯಿಂದ ಬಂದಿತೆಂದು ನಂಬಿರುವವರು ಈ ಇತಿಹಾಸವನ್ನು ಒಮ್ಮೆ ನೋಡುವುದು ಒಳಿತು. 1936ರಲ್ಲಿ ಫ್ರಾನ್ಸಿನ ಸರಕಾರ ದುಡಿಯುವ ಜನರಿಗೆ ವರ್ಷಕ್ಕೆ ಎರಡು ವಾರ ಸಂಬಳಸಹಿತ ರಜೆ ಕೊಡಬೇಕೆಂಬ ಶಾಸನ ಮಾಡಿತು. ಬೇಸಗೆಯ ರಸ್ತೆಗಳು ಬೈಸಿಕಲ್ಲುಗಳಿಂದ ತುಂಬಿದವು.

ಈ ಯಾತ್ರಿಕರ ಬೈಸಿಕಲ್ಲು ಹೇಗಿರಬೇಕು? ಮಳೆಗೆ ಮಡ್‌ಗಾರ್ಡು ಬೇಕು, ರಾತ್ರಿಗೆ ದೀಪ ಬೇಕು, ಬುತ್ತಿ ಬಟ್ಟೆಗಳಿಗೆ ಕ್ಯಾರಿಯರ್ ಬೇಕು. ಇಷ್ಟಾದರೂ ತೂಕ ಕೂಡದು. 1934ರಿಂದ ಫ್ರಾನ್ಸಿನಲ್ಲಿ ಇದಕ್ಕಾಗಿಯೇ ಒಂದು ಬಗೆಯ ಪರೀಕ್ಷೆ ನಡೆಯತೊಡಗಿತು. ಅಲ್ಲಿ ಪರೀಕ್ಷೆಗೆ ನಿಂತದ್ದು ಸವಾರನಲ್ಲ, ಯಂತ್ರ. ಬೆಟ್ಟದ ಕೆಟ್ಟ ದಾರಿಗಳಲ್ಲಿ ನೂರಾರು ಕಿಲೋಮೀಟರು ಓಡಿಸಿದ ಮೇಲೆ ಪ್ರತಿಯೊಂದು ಬೈಸಿಕಲ್ಲನ್ನೂ ತಪಾಸಣೆ ಮಾಡುವರು. ಹಗುರವಾಗಿದ್ದರೆ ಅಂಕ, ಒಂದು ತಿರುಪು ಸಡಿಲವಾಗಿದ್ದರೂ, ಒಂದು ದೀಪ ಆರಿದ್ದರೂ ಅಂಕದಲ್ಲಿ ಕಡಿತ. ಹಗುರ ಮಾಡಿದರೆ ಮುರಿಯುತ್ತದೆ, ಗಟ್ಟಿ ಮಾಡಿದರೆ ಭಾರವಾಗುತ್ತದೆ ಎಂಬ ಇಕ್ಕಟ್ಟಿನಲ್ಲಿ ಕುಶಲಿಯ ವಿವೇಕವೇ ಒರೆಗೆ ಬರುತ್ತಿತ್ತು.

ಎರ್ಸ್ ಮೊದಲು ವಿಮಾನಗಳ ಕಾರ್ಖಾನೆಯಲ್ಲಿ ಕೆಲಸ ಮಾಡಿದವನು. ಗ್ರಾಮುಗಳ ಲೆಕ್ಕ, ಅಲ್ಯೂಮಿನಿಯಂ ಮಿಶ್ರಲೋಹಗಳ ಗುಣಾವಗುಣ ಆತನಿಗೆ ಅಲ್ಲಿಯೇ ಕರಗತವಾಗಿದ್ದಿರಬೇಕು. 1938ರ ಹೊತ್ತಿಗೆ ಆತ ಬಿಡಿಭಾಗಗಳನ್ನು, ಎಂದರೆ ಕ್ರ್ಯಾಂಕು, ಬ್ರೇಕು, ಹ್ಯಾಂಡಲಿನ ಕತ್ತು ಮೊದಲಾದುವನ್ನು, ಸ್ವತಃ ರೂಪಿಸತೊಡಗಿದ. 1940ರಲ್ಲಿ ಇಡೀ ಬೈಸಿಕಲ್ಲುಗಳನ್ನೇ ಮಾಡಲು ಕೈಹಾಕಿದ. ಅದು ದೇಶ ಜರ್ಮನರ ವಶಕ್ಕೆ ಬಿದ್ದ ವರ್ಷ. ಪೆಟ್ರೋಲು ದುರ್ಲಭವಾದ ಆ ದಿನಗಳಲ್ಲಿ ಬೈಸಿಕಲ್ಲಿಗೆ ಬೆಲೆ ಬಂದಿತೆಂಬುದೂ ಒಂದು ವಿಪರ್ಯಾಸವೇ. ಯುದ್ಧ ಮುಗಿದ ಮೇಲಿನ ಪರೀಕ್ಷೆಗಳಲ್ಲಿ ಆತನ ಯಂತ್ರಗಳು ದೀಪ, ಮಡ್‌ಗಾರ್ಡು, ಕ್ಯಾರಿಯರುಗಳೆಲ್ಲ ಸೇರಿ ಸುಮಾರು 8 ಕಿಲೋಗ್ರಾಮು ತೂಗಿದವು. ನಮ್ಮ ಊರುಗಳಲ್ಲಿ ಹಾಲಿನ ಕ್ಯಾನು ಹೊತ್ತು ತಿರುಗುವ ಸೈಕಲ್ಲು ಬರಿದಾಗಿರುವಾಗಲೂ ಇದರ ಎರಡು ಪಾಲಿಗಿಂತ ಹೆಚ್ಚು ತೂಗುತ್ತದೆ.

ಚೌಕಟ್ಟಿನ ಕೆಲಸವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಉಕ್ಕಿನ ಕೊಳವೆ ಹೊರಗಿನಿಂದ ಒಂದೇ ಗಾತ್ರವಾಗಿ ಕಾಣುತ್ತದೆ, ಒಳಗೆ ಹಾಗಿಲ್ಲ. ಬೆಸುಗೆ ಬೀಳುವ ತುದಿಗಳಲ್ಲಿ ಅದರ ಗೋಡೆ ದಪ್ಪ, ನಡುವೆ ತೆಳು. ಹಗುರ ಜಾತಿಯ ಕೊಳವೆಯಲ್ಲಿ ತುದಿ 0.8 ಮಿಲಿಮೀಟರಾದರೆ ನಡು ಅರ್ಧ ಮಿಲಿಮೀಟರು ಮಾತ್ರ. ಇಂಗ್ಲೆಂಡಿನ ರೆನಾಲ್ಡ್ಸ್ ಮನೆತನ 1897ರಲ್ಲಿ ಈ ತಂತ್ರಕ್ಕೆ ಹಕ್ಕುಪತ್ರ ಪಡೆಯಿತು; ಅವರೇ 1935ರಲ್ಲಿ ಮ್ಯಾಂಗನೀಸು, ಮಾಲಿಬ್ಡಿನಮ್ ಬೆರೆತ ‘531’ ಎಂಬ ಉಕ್ಕನ್ನು ಹೊರತಂದರು. ಕೊಳವೆಗಳ ತುದಿಯನ್ನು ಅರದಿಂದ ಉಜ್ಜಿ, ಒಂದರ ಬಾಯಿ ಇನ್ನೊಂದರ ಮೈಗೆ ಕೂದಲೆಳೆಯ ಸಂದೂ ಇಲ್ಲದಂತೆ ಕೂರಿಸಬೇಕು. ಆಮೇಲೆ ಹಿತ್ತಾಳೆಯ ಬೆಸುಗೆ. ಹಿತ್ತಾಳೆ ಸುಮಾರು 900 ಡಿಗ್ರಿಯಲ್ಲಿ ಕರಗಿ ಹರಿಯುತ್ತದೆ. ಆ ಕಾವಿನಲ್ಲಿ ಉಕ್ಕು ಕೆಂಪಾಗುತ್ತದೆಯೇ ಹೊರತು ಕರಗುವುದಿಲ್ಲ. ಕಾವು ಕಡಿಮೆಯಾದರೆ ಹಿತ್ತಾಳೆ ಸಂದಿನೊಳಕ್ಕೆ ಇಳಿಯದು. ಮಿತಿ ಮೀರಿದರೆ ತೆಳು ಉಕ್ಕಿನ ಸತ್ವವೇ ಬೆಂದುಹೋಗುತ್ತದೆ. ಇದನ್ನು ಅಳೆಯುವ ಸಾಧನ ಬೆಸುಗೆಗಾರನ ಕಣ್ಣೊಂದೇ. ಉಕ್ಕಿನ ಬಣ್ಣವನ್ನು ನೋಡಿ ಆತ ಜ್ವಾಲೆಯನ್ನು ಹತ್ತಿರ ತರುತ್ತಾನೆ, ದೂರ ಸರಿಸುತ್ತಾನೆ. ತಪ್ಪಿದ್ದರೆ ಅದು ಬಣ್ಣದ ಕೆಳಗೆ ಅಡಗಿ ಹೋಗುತ್ತದೆ. ವರ್ಷಗಳ ಮೇಲೆ ಯಾವುದೋ ಇಳಿಜಾರಿನಲ್ಲಿ ಸವಾರನಿಗೆ ಗೊತ್ತಾಗುತ್ತದೆ.

ಇಷ್ಟನ್ನು ಬಲ್ಲವರು ಇಂಗ್ಲೆಂಡಿನಲ್ಲಿಯೂ ಇಟಲಿಯಲ್ಲಿಯೂ ಇದ್ದರು. ಎರ್ಸನ ವೈಶಿಷ್ಟ್ಯ ಇದರಿಂದ ಮುಂದಿನದು. ಫ್ರೆಂಚರು ಆತನಂಥವರನ್ನು ಚೌಕಟ್ಟು ಮಾಡುವವನೆಂದು ಕರೆಯದೆ ‘ಕೊಂಸ್ತ್ರುಕ್ತರ್’ ಎಂದು ಕರೆದರು. ನಿರ್ಮಾಪಕ ಎಂದು ಅರ್ಥ. ಬೈಸಿಕಲ್ಲು ಮುಗಿದ ಮೇಲೆ ದೀಪವನ್ನು ತಂದು ಕಟ್ಟುವುದಿಲ್ಲ. ದೀಪ ಎಲ್ಲಿ ಕೂರಬೇಕೆಂಬುದನ್ನು ಕೊಳವೆ ಕತ್ತರಿಸುವ ಮೊದಲೇ ನಿಶ್ಚಯಿಸಿರುತ್ತಾರೆ. ಕ್ಯಾರಿಯರನ್ನು ಆ ಒಂದು ಬೈಸಿಕಲ್ಲಿಗೆಂದೇ ತೆಳು ಕೊಳವೆಯಿಂದ ಬಾಗಿಸಿ ಬೆಸೆದಿರುತ್ತಾರೆ. ಎಲ್ಲಕ್ಕಿಂತ ನನಗೆ ಮೆಚ್ಚಿಕೆಯಾದದ್ದು ಡೈನಮೊದ ತಂತಿಯ ವ್ಯವಸ್ಥೆ. ಹ್ಯಾಂಡಲು ಅತ್ತಿತ್ತ ಹೊರಳಿದಂತೆಲ್ಲ ಹೊರಗಿನ ತಂತಿ ಬಳುಕಿ ಬಳುಕಿ ತುಂಡಾಗುವುದು ಸೈಕಲ್ಲು ತುಳಿದವರಿಗೆಲ್ಲ ಗೊತ್ತಿರುವ ಪೀಡೆ. ಎರ್ಸ್ ತಂತಿಯನ್ನು ಕೊಳವೆಯೊಳಗೇ ಹಾಯಿಸಿ, ಹ್ಯಾಂಡಲು ತಿರುಗುವ ಸಂಧಿಯಲ್ಲಿ ಒಂದು ಲೋಹದ ಬಳೆಯನ್ನೂ ಅದಕ್ಕೆ ಸದಾ ಒರಗಿರುವ ಇಂಗಾಲದ ಸಣ್ಣ ತುಂಡನ್ನೂ ಇಟ್ಟ. ಬಳುಕುವ ತಂತಿಯೇ ಅಲ್ಲಿಲ್ಲ. ನೋಡುವವರ ಕಣ್ಣಿಗೆ ಏನೂ ಕಾಣುವುದಿಲ್ಲ. ದೀಪ ಮಾತ್ರ ಉರಿಯುತ್ತದೆ. ಒಳ್ಳೆಯ ಷಟ್ಪದಿಯಲ್ಲಿ ಪ್ರಾಸ ಹೀಗೆಯೇ ಕೂತಿರುತ್ತದೆ, ಹೊರಗಿನಿಂದ ತಂದಿಟ್ಟಂತೆ ತೋರುವುದಿಲ್ಲ.

ಇಂಥ ಬೈಸಿಕಲ್ಲು ಅಗ್ಗವಾಗಿರಲಿಲ್ಲ. ಅದು ಬಡವರ ವಾಹನವಾಗಿತ್ತೆಂದು ಹೇಳುವುದು ಸುಳ್ಳಾದೀತು. ಆದರೆ ಅದು ಶ್ರೀಮಂತರ ಆಟಿಕೆಯೂ ಆಗಿರಲಿಲ್ಲ. ಕೊಂಡವರು ಅದನ್ನು ದುಡಿಸಿಕೊಂಡರು. ಪ್ಯಾರಿಸ್ಸಿನಿಂದ ಸಮುದ್ರತೀರದ ಬ್ರೆಸ್ಟ್ ನಗರಕ್ಕೆ ಹೋಗಿ ಮರಳುವ ಸುಮಾರು 1200 ಕಿಲೋಮೀಟರಿನ ಸವಾರಿಯೊಂದು 1891ರಲ್ಲಿ ಆರಂಭವಾಯಿತು. 1931ರಿಂದ ಹವ್ಯಾಸಿ ಯಾತ್ರಿಕರೂ ಅದರಲ್ಲಿ ಪಾಲುಗೊಳ್ಳುತ್ತ ಬಂದರು. ಹಗಲಿರುಳೆನ್ನದೆ ಸಾಗುವ ಆ ದಾರಿಯಲ್ಲಿ ಎರ್ಸನ ಬೈಸಿಕಲ್ಲುಗಳು ಮುಂಚೂಣಿಯಲ್ಲಿದ್ದವು. ಆತನ ಮಗಳು ಲಿಲಿ (1928–2018) ತಂದೆಯ ಕಾರ್ಯಾಗಾರದಲ್ಲಿ ಗಾಲಿಗಳಿಗೆ ಕಡ್ಡಿ ಹೆಣೆದಳು. ತಂದೆ ಮಾಡಿದ ಬೈಸಿಕಲ್ಲನ್ನು ತುಳಿದು 1956ರಿಂದೀಚೆಗೆ 8 ಬಾರಿ ಫ್ರಾನ್ಸಿನ ಮಹಿಳಾ ರಸ್ತೆ ಪಂದ್ಯದ ಪ್ರಶಸ್ತಿಯನ್ನು ಗೆದ್ದಳು. ಮಾಡುವ ಕೈಯೂ ತುಳಿಯುವ ಕಾಲೂ ಒಂದೇ ಮನೆಯಲ್ಲಿದ್ದುದರಿಂದ, ಯಾವುದು ಸರಿ ಯಾವುದು ತಪ್ಪು ಎಂಬ ವರದಿ ಸಂಜೆಯ ಊಟದ ಹೊತ್ತಿಗೆ ಎರ್ಸನಿಗೆ ಮುಟ್ಟುತ್ತಿದ್ದಿರಬೇಕು. ದೊಡ್ಡ ಕಾರ್ಖಾನೆಗೆ ಈ ಸೌಲಭ್ಯವಿಲ್ಲ.

ಇನ್ನು 2 ಸಿ.ವಿ.ಯ ಮಾತು. ಯುದ್ಧಾನಂತರ ಗುಮಾಸ್ತನಿಗೂ ಉಪಾಧ್ಯಾಯನಿಗೂ ಎಟುಕುವ ಬೆಲೆಯಲ್ಲಿ ಮೋಟಾರು ಗಾಡಿ ಬಂದಿತು. ರಜೆಯ ಎರಡು ವಾರ ಬೈಸಿಕಲ್ಲು ತುಳಿದು ಬೆಟ್ಟ ಹತ್ತುತ್ತಿದ್ದ ದಂಪತಿಗಳು ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಗಾಡಿಯಲ್ಲಿ ಹೊರಟರು. ಅದನ್ನು ತಪ್ಪೆನ್ನುವ ಅಧಿಕಾರ ಯಾರಿಗೂ ಇಲ್ಲ. ಎರ್ಸನ ಗಿರಾಕಿಗಳನ್ನು ಒಯ್ದ ಗಾಡಿ ಎರ್ಸನ ಊರಿನಲ್ಲಿಯೇ ತಯಾರಾಗುತ್ತಿತ್ತು, ಅಷ್ಟೆ. 1976ರಲ್ಲಿ ಆತ ತೀರಿಕೊಂಡ. ಲಿಲಿಯೂ, ಹಿಂದೆ ಆತನಲ್ಲಿಯೇ ಕೆಲಸ ಮಾಡಿ ಮುಂದೆ ಆಕೆಯ ಕೈಹಿಡಿದ ಜಾನ್ ದೆಬ್ವಾ ಎಂಬ ಕುಶಲಿಯೂ 1980ರ ದಶಕದ ನಡುವಿನವರೆಗೆ ಕುಲುಮೆಯನ್ನು ಉರಿಸಿದರು. ಅನಂತರ ಬಾಗಿಲು ಮುಚ್ಚಿತು. ಅದೇ ಊರಿನಲ್ಲಿ 1938ರಲ್ಲಿ ಅಂಗಡಿ ತೆರೆದಿದ್ದ ಪ್ರತಿಸ್ಪರ್ಧಿ ಅಲೆಕ್ಸ್ ಸಿಂಗರನ ವಿದ್ಯೆ ಆತನ ಬಂಧುಗಳಾದ ಚೂಕಾ ಸೋದರರ ಕೈ ಸೇರಿ ಇಪ್ಪತ್ತೊಂದನೆಯ ಶತಮಾನಕ್ಕೂ ದಾಟಿ ಬಂದಿತು. ಎರ್ಸನಿಗೆ ಆ ಭಾಗ್ಯವಿರಲಿಲ್ಲ.

ಇಲ್ಲಿ ಕಥೆ ಎರಡಾಗಿ ಕವಲೊಡೆಯುತ್ತದೆ. ಹೆಸರು ಒಂದು ದಾರಿ ಹಿಡಿಯಿತು, ಕೈ ಇನ್ನೊಂದು ದಾರಿ ಹಿಡಿಯಿತು. ಹೆಸರನ್ನು 2007ರಲ್ಲಿ ಅಮೆರಿಕದ ಕೊಲೊರಾಡೊ ಸೀಮೆಯವರೊಬ್ಬರು ಕೊಂಡರು. ಮುಂದೆ ಅದು ಸಿಯಾಟಲ್ ನಗರದ ಯಾನ್ ಹೈನೆ ಎಂಬ ಬರಹಗಾರನ ಪಾಲಿಗೆ ಬಂದು, ಲಿಲಿ ಕಾಲವಾದ ಮೇಲೆ ಆತನ ಸಂಸ್ಥೆ ಎರ್ಸನ ಹೆಸರನ್ನೇ ಇಟ್ಟುಕೊಂಡಿತು. ಆ ಹೆಸರು ಇಂದು ಹೆಚ್ಚಾಗಿ ಕಾಣುವುದು ಟೈರುಗಳ ಮೇಲೆ. ಹೈನೆ ಎರ್ಸನ ಜೀವನವನ್ನೂ ಬೈಸಿಕಲ್ಲುಗಳನ್ನೂ ಕುರಿತು ದೊಡ್ಡ ಗ್ರಂಥವನ್ನೇ ಬರೆದವನು. ಅಗಲವಾದ, ಗಾಳಿ ಮಿತವಾಗಿರುವ ಟೈರು ನಿಧಾನವೆಂಬ ನಂಬಿಕೆಯನ್ನು ಪ್ರಯೋಗಗಳಿಂದ ಅಲುಗಿಸಿದವನು. ಫ್ರೆಂಚ್ ಯಾತ್ರಿಕರು ಮೆಚ್ಚಿದ್ದ ‘650 ಬಿ’ ಎಂಬ ಅಳತೆಯ ಗಾಲಿ ಬಹುಮಟ್ಟಿಗೆ ಮರೆಯಾಗಿತ್ತು. 584 ಮಿಲಿಮೀಟರಿನ ಅದೇ ರಿಮ್ಮು ಇಂದು ಬೆಟ್ಟದ ಸೈಕಲ್ಲುಗಳಲ್ಲಿ ‘ಇಪ್ಪತ್ತೇಳೂವರೆ ಇಂಚು’ ಎಂಬ ಹೊಸ ಹೆಸರಿನಿಂದ ನಮ್ಮ ಪೇಟೆಯ ಅಂಗಡಿಗಳಲ್ಲಿಯೂ ತೂಗಾಡುತ್ತಿದೆ.

ಕೈ ಹಿಡಿದ ದಾರಿಗೆ ಫಲಕವಿಲ್ಲ. ಜಪಾನಿನ ತೋಯೇ ಎಂಬ ಪುಟ್ಟ ಕಾರ್ಯಾಗಾರದವರು ಎರ್ಸ್, ಸಿಂಗರರ ಕೃತಿಗಳನ್ನು ಆದರ್ಶವಾಗಿಟ್ಟುಕೊಂಡು, ತಮ್ಮದೇ ಹೆಸರಿನಲ್ಲಿ ಅಂಥ ಬೈಸಿಕಲ್ಲುಗಳನ್ನು ಮಾಡುತ್ತ ಬಂದರು. ಹಿಂದಿನ ಯಂತ್ರಪರೀಕ್ಷೆಗಳು 2016ರಲ್ಲಿ ಫ್ರಾನ್ಸಿನ ಓವರ್ನ್ಯ ಬೆಟ್ಟಸೀಮೆಯಲ್ಲಿ ಮತ್ತೆ ನಡೆದು, ಎರ್ಸನನ್ನು ಕಂಡಿರದ ತರುಣರು ತಾವು ಬೆಸೆದ ಚೌಕಟ್ಟುಗಳನ್ನು ತೂಕಕ್ಕೆ ಹಾಕಿದರು. ನನ್ನ ಮಟ್ಟಿಗೆ ಹೇಳುವುದಾದರೆ, ಹೆಸರನ್ನು ಕೊಂಡವರಿಗಿಂತ ಹೆಸರಿಲ್ಲದೆ ಕಲಿತ ಇವರೇ ವಾರಸುದಾರರೆಂದು ಮನಸ್ಸು ಒಲಿಯುತ್ತದೆ. ಆದರೆ ಹೈನೆಯಂಥವರು ಬರೆಯದೇ ಹೋಗಿದ್ದರೆ ಆ ತರುಣರಲ್ಲಿ ಎಷ್ಟು ಮಂದಿಗೆ ಎರ್ಸ್ ಯಾರೆಂದು ತಿಳಿಯುತ್ತಿತ್ತು? ಚಾವಣನನ್ನು ನಾವು ಬಲ್ಲುದೂ ಶಾಸನವನ್ನು ಓದಿದವರ ದಯೆಯಿಂದಲ್ಲವೆ?

ಬೆಂಗಳೂರಿನಿಂದಲೂ ಈಗ 200, 300, 400, 600 ಕಿಲೋಮೀಟರುಗಳ ದೂರಸವಾರಿಗಳು ನಡೆಯುತ್ತವೆ. ಅವುಗಳನ್ನು ಮುಗಿಸಿದವರು ಬ್ರೆಸ್ಟ್ ದಾರಿಗೆ ಅರ್ಹರಾಗುತ್ತಾರೆ. ಅವರಲ್ಲಿ ಬಹುಮಂದಿ ತುಳಿಯುವುದು ಅಲ್ಯೂಮಿನಿಯಂ ಅಥವಾ ಇಂಗಾಲದ ನಾರಿನ ಚೌಕಟ್ಟುಗಳನ್ನು. ದೀಪ ಚೀಲಗಳನ್ನು ಆಮೇಲೆ ಪಟ್ಟಿಯಿಂದ ಕಟ್ಟಿಕೊಳ್ಳುತ್ತಾರೆ. ಅದೇ ದಾರಿಯಲ್ಲಿ 2003ರಲ್ಲಿ ಹೈನೆ ತನ್ನ ಜೊತೆಗಾತಿಯೊಂದಿಗೆ ತುಳಿದದ್ದು ಎರ್ಸ್ 1940ರ ದಶಕದಲ್ಲಿ ಬೆಸೆದ ಇಬ್ಬರ ಬೈಸಿಕಲ್ಲನ್ನು. ಅರ್ಧ ಶತಮಾನ ದಾಟಿದ ಆ ಬೆಸುಗೆ 1200 ಕಿಲೋಮೀಟರನ್ನು ಮುಗಿಸಿ ಪ್ಯಾರಿಸ್ಸಿಗೆ ಮರಳಿತು.