ಗೋದಲಿಗೆ ಬಂದ ಹುದುಗು

ಆಕಳಿನ ಮೇವಿಗೆ ಬೆರೆಸುವ ಯೀಸ್ಟ್, ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸುವ ಹುದುಗಿನ ಜಾತಿಯದೇ. ಶಾಸ್ತ್ರೀಯ ಹೆಸರು ಸ್ಯಾಕರೊಮೈಸಿಸ್ ಸೆರೆವಿಸಿಯೆ. ಅದು ಕೊಟ್ಟಿಗೆಗೆ ಬಂದದ್ದು ಬಿಯರ್ ಭಟ್ಟಿಯ ಹಿತ್ತಲ ಬಾಗಿಲಿನಿಂದ. ಬಿಯರ್ ಬಸಿದ ಮೇಲೆ ತಳದಲ್ಲಿ ಉಳಿಯುವ ಗಸಿಯಲ್ಲಿ ಪ್ರೋಟೀನು, ಬಿ ಜೀವಸತ್ವ ಎರಡೂ ಧಾರಾಳ. ಮೊದಲ ಮಹಾಯುದ್ಧದಲ್ಲಿ ಆಮದು ಮೇವು ನಿಂತಾಗ ಜರ್ಮನಿ ಯೀಸ್ಟನ್ನೇ ಒಣಗಿಸಿ ಜಾನುವಾರುಗಳಿಗೆ ಹಾಕಿತು. 1925ರಲ್ಲಿ ಅಮೆರಿಕದ ಎಕಲ್ಸ್ ಮತ್ತು ವಿಲಿಯಮ್ಸ್, ಕರೆಯುವ ಹಸುಗಳಿಗೆ ಯೀಸ್ಟ್ ತಿನ್ನಿಸಿ ನೋಡಿದ ಪ್ರಯೋಗವನ್ನು ಪ್ರಕಟಿಸಿದರು. ಆ ಕಾಲಕ್ಕೆ ಯೀಸ್ಟ್ ಎಂದರೆ ಬಹುಮಟ್ಟಿಗೆ ಹಿಂಡಿಯಂಥ ಇನ್ನೊಂದು ತಿನಿಸು.

ಜೀವಂತ ಯೀಸ್ಟಿನ ಕೆಲಸವೇ ಬೇರೆ ಎಂಬುದು ತಿಳಿಯಲು ಆಕಳಿನ ಮೊದಲ ಹೊಟ್ಟೆಯೊಳಗೆ ಇಣುಕಬೇಕಾಯಿತು. ಅಲ್ಲಿ 39 ಡಿಗ್ರಿ ಶಾಖ, ಕತ್ತಲು. ಗಾಳಿ ಇಲ್ಲವೆನ್ನುವಷ್ಟು ಕಡಿಮೆ. ನಾರನ್ನು ಕರಗಿಸುವುದು ಆಕಳಲ್ಲ, ಅಲ್ಲಿ ಮನೆಮಾಡಿದ ಸೂಕ್ಷ್ಮಜೀವಿಗಳು. ಪ್ರತಿ ತುತ್ತು, ಪ್ರತಿ ಗುಟುಕಿನ ಜೊತೆ ಒಳಹೊಗುವ ಚೂರು ಆಮ್ಲಜನಕ ಅವುಗಳಿಗೆ ವಿಷ. ಯೀಸ್ಟ್ ಅದನ್ನು ಉಸಿರಾಡಿ ಮುಗಿಸುತ್ತದೆ. ಸ್ಕಾಟ್ಲೆಂಡಿನ ರೊವೆಟ್ ಸಂಸ್ಥೆಯವರು 1996ರಲ್ಲಿ ಇದಕ್ಕೆ ಚೆಂದದ ಪುರಾವೆ ಕೊಟ್ಟರು: ಉಸಿರಾಟದ ಶಕ್ತಿ ಕಳೆದುಕೊಂಡ ಯೀಸ್ಟ್ ತಳಿಗಳಿಂದ ಆ ಬ್ಯಾಕ್ಟೀರಿಯಾಗಳು ಹೆಚ್ಚಲಿಲ್ಲ. ಇನ್ನೊಂದು ಉಪಕಾರ ಹುಳಿಗೆ ಸಂಬಂಧಿಸಿದ್ದು. ಕಾಳು ಹೆಚ್ಚಾದರೆ ಹೊಟ್ಟೆಯಲ್ಲಿ ಲ್ಯಾಕ್ಟಿಕ್ ಆಮ್ಲ ಏರುತ್ತದೆ. ಅದನ್ನು ತಿಂದು ಬದುಕುವ ಬ್ಯಾಕ್ಟೀರಿಯಾಗಳಿಗೆ ಯೀಸ್ಟ್ ಪುಷ್ಟಿ ಕೊಡುತ್ತದೆ. ಆದರೆ ಆ ಶಾಖದಲ್ಲಿ ತಾನು ನೆಲೆಯೂರದು, ದಿನವೂ ಹಾಕಬೇಕು. ಬೆಳವಣಿಗೆಗೆಂದು ಮೇವಿಗೆ ಬೆರೆಸುತ್ತಿದ್ದ ಪ್ರತಿಜೀವಕಗಳನ್ನು ಯುರೋಪ್ ಒಕ್ಕೂಟ 2006ರ ಜನವರಿ 1ರಿಂದ ನಿಷೇಧಿಸಿದ ಮೇಲೆ ಯೀಸ್ಟಿನ ಬೇಡಿಕೆ ಬೆಳೆಯಿತು.

ಸುರಪುರಕ್ಕೆ ಅಂಟಿಕೊಂಡಿರುವ ರಂಗಂಪೇಟೆಯ ಸುತ್ತಿನಲ್ಲಿ ಗೋದಲಿಯ ಹಳೆಯ ಮೇವು ಜೋಳದ ಕಣಿಕೆ, ತೊಗರಿ ಹೊಟ್ಟು, ಶೇಂಗಾ ಹಿಂಡಿ, ಹತ್ತಿಕಾಳು ಹಿಂಡಿ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದಲ್ಲಿ ನೆಲ್ಲು ಬಂತು, ನೆಲ್ಲಿನ ಹುಲ್ಲೂ ಬಂತು. ಸಿಲಿಕಾ ತುಂಬಿದ ಈ ಹುಲ್ಲು ಕಣಿಕೆಯಷ್ಟು ಸುಲಭವಾಗಿ ಜೀರ್ಣವಾಗದು. ಯೀಸ್ಟ್ ಇಲ್ಲಿ ಕೈ ಹಿಡಿದೀತೇ? ಹಿಂಡಿ, ಪಶು ಆಹಾರ ಹೇರಳವಾಗಿ ತಿಂದು ಹೆಚ್ಚು ಹಾಲು ಕೊಡುವ ಮಿಶ್ರತಳಿ ಆಕಳಿಗೆ ಅದರ ಖರ್ಚು ಹುಟ್ಟಬಹುದು. ಬರೀ ಒಣಹುಲ್ಲು ಮೇಯ್ದು ಎರಡು ಲೀಟರ್ ಕೊಡುವ ಆಕಳಿಗೆ ಮೊದಲು ಬೇಕಾದದ್ದು ಹಸಿಮೇವು, ಖನಿಜ ಮಿಶ್ರಣ, ಹೊಟ್ಟೆತುಂಬ ನೀರು.

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ತಗಡಿನ ಮಾಡಿನ ಕೆಳಗಿಟ್ಟ ಚೀಲದೊಳಗೇ ಯೀಸ್ಟ್ ಸಾಯಬಹುದು. ಹಿಂಡಿ ನೆನೆಸಿದ ನೀರು ಕುದಿಬಿಸಿ ಇದ್ದರೂ ಅದೇ ಗತಿ. ಅಪ್ಪಟ ಪುಡಿಯಾಗಿದ್ದರೆ ಮನೆಯಲ್ಲೇ ಪರೀಕ್ಷಿಸಬಹುದು: ಉಗುರುಬೆಚ್ಚಗಿನ ಸಕ್ಕರೆ ನೀರಿಗೆ ಒಂದು ಚಮಚ ಹಾಕಿದರೆ ಸ್ವಲ್ಪ ಹೊತ್ತಿಗೆ ನೊರೆ ಏಳಬೇಕು. ಸತ್ತ ಯೀಸ್ಟ್ ತಳದಲ್ಲಿ ಗಸಿಯಾಗಿ ಕೂರುತ್ತದೆ.