ಕ್ಯಾನ್ಸರ್ ಗೆದ್ದವರು ಮತ್ತೆ ಕೆಲಸಕ್ಕೆ ಹೊರಟಾಗ

ಮಹಾಲಿಂಗಪುರದ ಓಣಿಗಳಲ್ಲಿ ಬೆಳಿಗ್ಗೆ ನಡೆದರೆ ಮಗ್ಗದ ಸದ್ದು ಕಿವಿಗೆ ಬೀಳುತ್ತದೆ. ರಬಕವಿ, ಬನಹಟ್ಟಿ, ತೇರದಾಳದವರೆಗೂ ಇದೇ ಸದ್ದು. ಪವರ್‌ಲೂಮ್, ಬೆಲ್ಲದ ಪೇಟೆಯ ಹಮಾಲಿ, ಹೊಲಿಗೆ, ಸಣ್ಣ ಅಂಗಡಿ ಇವೇ ಇಲ್ಲಿನ ಅನೇಕ ಮನೆಗಳ ಜೀವನಾಧಾರ. ತಿಂಗಳ ಸಂಬಳ ಇರುವವರು ಕಡಿಮೆ. ನೇಯ್ದಷ್ಟು ಸೀರೆಗೆ ಮಜೂರಿ, ಹೊತ್ತಷ್ಟು ಮೂಟೆಗೆ ಕೂಲಿ.

ಇಂಥ ಮನೆಯಲ್ಲಿ ಒಬ್ಬರಿಗೆ ಕ್ಯಾನ್ಸರ್ ಬಂದು, ಅಲ್ಲಾಹನ ಅನುಗ್ರಹದಿಂದ ಚಿಕಿತ್ಸೆ ಮುಗಿದಿದೆ ಎಂದಿಟ್ಟುಕೊಳ್ಳಿ. ವೈದ್ಯರು "ಈಗ ರೋಗದ ಕುರುಹು ಕಾಣುತ್ತಿಲ್ಲ" ಎಂದ ದಿನ ಮನೆಮಂದಿಗೆಲ್ಲ ಸಂತೋಷ. ಮರುದಿನವೇ ಮತ್ತೊಂದು ಪ್ರಶ್ನೆ ಏಳುತ್ತದೆ: ಇನ್ನು ದುಡಿಮೆಯ ಗತಿಯೇನು?

ಇಲ್ಲಿ ನಾವು ಎರಡು ತಪ್ಪು ಮಾಡುತ್ತೇವೆ. ಮಾಲೀಕರಿಂದ ತಂದ ಮುಂಗಡ ಏರಿದೆ ಎಂದು ಮೈಯಲ್ಲಿ ಕಸುವಿಲ್ಲದವರನ್ನು ಮಗ್ಗದ ಮುಂದೆ ನಿಲ್ಲಿಸುವುದು ಒಂದು. "ನೀನಿನ್ನು ಏನೂ ಮಾಡಬೇಡ, ಸುಮ್ಮನೆ ಕುಳಿತಿರು" ಎಂದು ಮೂಲೆಗೆ ಕೂರಿಸುವುದು ಇನ್ನೊಂದು. ಎರಡನೆಯದು ಪ್ರೀತಿಯಿಂದ ಹೇಳುವ ಮಾತೇ. ಆದರೆ ದುಡಿಯುತ್ತಿದ್ದ ಮನುಷ್ಯನಿಗೆ ಅದು "ನೀನು ಇನ್ನು ಲೆಕ್ಕಕ್ಕಿಲ್ಲ" ಎಂದೇ ಕೇಳಿಸುತ್ತದೆ. ಸರಿಯಾದ ದಾರಿ ಇವೆರಡರ ನಡುವೆ ಇದೆ: ಮೈಗೆ ತಕ್ಕಂತೆ ಕೆಲಸವನ್ನು ಹೊಂದಿಸುವುದು.

ನಟ ಶಿವರಾಜ್‌ಕುಮಾರ್ ಅವರು 2024ರ ಡಿಸೆಂಬರ್‌ನಲ್ಲಿ ಅಮೆರಿಕದ ಮಯಾಮಿಯಲ್ಲಿ ಮೂತ್ರಕೋಶದ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, 2025ರಲ್ಲಿ ಮತ್ತೆ ಚಿತ್ರೀಕರಣಕ್ಕೆ ಬಂದದ್ದನ್ನು ನಾಡೇ ನೋಡಿದೆ. ಕ್ಯಾನ್ಸರ್ ಬಂದವರ ದುಡಿಮೆ ಮುಗಿಯಿತು ಎಂಬ ಮಾತು ಸುಳ್ಳು ಎನ್ನಲು ಇಷ್ಟು ಸಾಕು. ಆದರೆ ದೊಡ್ಡ ನಟನಿಗಾಗಿ ಚಿತ್ರತಂಡ ಕಾಯುತ್ತದೆ. ಮಜೂರಿಯ ನೇಕಾರನಿಗಾಗಿ ಕಾಯಬೇಕಾದವರು ಮನೆಯವರು, ಮಾಲೀಕರು ಮತ್ತು ಜಮಾಅತ್.

ಚಿಕಿತ್ಸೆ ಮುಗಿದರೂ ಮೈಯಲ್ಲಿ ಉಳಿಯುವುದೇನು?

ಮೊದಲನೆಯದು ಆಯಾಸ. ಇದು ದಿನದ ದುಡಿಮೆಯ ದಣಿವಿನಂತಲ್ಲ. ರಾತ್ರಿ ನಿದ್ದೆ ಮಾಡಿದರೂ ಹೋಗುವುದಿಲ್ಲ. ಚಿಕಿತ್ಸೆ ಮುಗಿದ ಮೇಲೂ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಉಳಿಯಬಹುದು. ಹೊರಗೆ ಕಾಣದ ಕಾರಣ "ಸೋಮಾರಿಯಾಗಿದ್ದಾನೆ" ಎಂಬ ಮಾತು ಬರುತ್ತದೆ. ರಕ್ತಹೀನತೆ, ಥೈರಾಯ್ಡ್ ತೊಂದರೆ, ನಿದ್ರೆಗೇಡು, ಮನಸ್ಸಿನ ಕುಗ್ಗುವಿಕೆ ಇವೆಯೇ ಎಂದು ವೈದ್ಯರಲ್ಲಿ ಪರೀಕ್ಷಿಸಿಕೊಳ್ಳಬೇಕು. ಬರೀ ಮಲಗಿದರೆ ಈ ಆಯಾಸ ಕಡಿಮೆಯಾಗುವುದಿಲ್ಲ. ದಿನಾ ಸ್ವಲ್ಪ ಸ್ವಲ್ಪ ನಡಿಗೆ, ಹಗುರ ಕೆಲಸದಿಂದ ಶಕ್ತಿ ಮರಳುತ್ತದೆ.

ಎರಡನೆಯದು ಕೈಬೆರಳು, ಕಾಲ್ಬೆರಳುಗಳ ಜೋಮು. ಕೆಲವು ಕೀಮೋ ಔಷಧಿಗಳು ನರಗಳನ್ನು ಕುಂದಿಸುತ್ತವೆ. ಆಗ ಹರಿದ ಎಳೆಯನ್ನು ಗಂಟು ಹಾಕುವುದು, ಸೂಜಿಗೆ ದಾರ ಪೋಣಿಸುವುದು ಕಷ್ಟ. ಬಿಸಿ ತಾಗಿದರೂ ತಕ್ಷಣ ಗೊತ್ತಾಗದೆ ಇರಬಹುದು. ಬೆಲ್ಲ ಕಾಯಿಸುವ ಗಾಣದಲ್ಲಿ, ಇಸ್ತ್ರಿ ಅಂಗಡಿಯಲ್ಲಿ, ಅಡುಗೆಮನೆಯಲ್ಲಿ ಇದು ಅಪಾಯ. ಸಿಸ್ಪ್ಲಾಟಿನ್ ಎಂಬ ಔಷಧಿ ಪಡೆದ ಕೆಲವರಿಗೆ ಕಿವಿ ಮಂದವಾಗುತ್ತದೆ. ಅಂಥವರು ಮಗ್ಗದ ಗದ್ದಲದಲ್ಲಿ ನಿಲ್ಲುವ ಮೊದಲು ಕಿವಿ ಪರೀಕ್ಷೆ ಮಾಡಿಸಿಕೊಳ್ಳಬೇಕು, ಕಿವಿಗೆ ರಕ್ಷಣೆ ಹಾಕಿಕೊಳ್ಳಬೇಕು.

ಸ್ತನ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆಯಾಗಿ ಕಂಕುಳಿನ ಗಂಟುಗಳನ್ನು ತೆಗೆದಿದ್ದರೆ ಆ ಬದಿಯ ಕೈ ಬಾವು ಬರಬಹುದು. ಕಂಡಿಕೆ ಸುತ್ತುವ, ಹೊಲಿಗೆ ಮಾಡುವ, ಬೀಡಿ ಕಟ್ಟುವ ತಾಯಂದಿರು ಇದನ್ನು ತಿಳಿದಿರಬೇಕು. ತುಂಬಿದ ಕೊಡ, ನೂಲಿನ ಚೀಲವನ್ನು ಏಕಾಏಕಿ ಆ ಕೈಯಲ್ಲಿ ಎತ್ತಬಾರದು. ಹಾಗೆಂದು ಕೈಯನ್ನು ಆಡಿಸದೆ ಇಡಲೂಬಾರದು. ಫಿಸಿಯೋಥೆರಪಿಯವರು ಹೇಳಿಕೊಟ್ಟ ವ್ಯಾಯಾಮವನ್ನು ನಿಧಾನವಾಗಿ ಹೆಚ್ಚಿಸಬೇಕು. ಸೂಜಿ ಚುಚ್ಚಿದರೆ, ಗೀರಿದರೆ ಕೂಡಲೇ ಸೋಪಿನಿಂದ ತೊಳೆಯಿರಿ. ಕೈ ಕೆಂಪಾಗಿ, ಬಿಸಿಯಾಗಿ ಜ್ವರ ಬಂದರೆ ಅದೇ ದಿನ ವೈದ್ಯರಿಗೆ ತೋರಿಸಿ.

ಬಾಯಿ ಕ್ಯಾನ್ಸರ್ ಆದವರಿಗೆ ಬಾಯಿ ಪೂರ್ತಿ ತೆರೆಯದು, ಮಾತು ಸ್ಪಷ್ಟವಿರದು, ಊಟಕ್ಕೆ ಹೆಚ್ಚು ಹೊತ್ತು ಬೇಕು. ಕೆಲಸದ ಜಾಗದಲ್ಲಿ ಕುಡಿಯುವ ನೀರು, ಮೆತ್ತಗಿನ ಊಟಕ್ಕೆ ಬಿಡುವು ಇರಲಿ. ಜೊತೆಗಾರರು ಅವರೆದುರು ಗುಟ್ಕಾ, ಎಲೆ-ತಂಬಾಕು ಹಾಕಬೇಡಿ. ಬಿಟ್ಟ ಚಟಕ್ಕೆ ಮತ್ತೆ ಬೀಳಿಸುವುದು ಹೆಚ್ಚಾಗಿ ಗೆಳೆಯರ ಕೈಯೇ. ಧ್ವನಿಪೆಟ್ಟಿಗೆ ತೆಗೆದು ಕುತ್ತಿಗೆಯ ರಂಧ್ರದಿಂದ ಉಸಿರಾಡುವವರಿಗೆ ನೂಲಿನ ಧೂಳು ಸಲ್ಲದು. ರಂಧ್ರಕ್ಕೆ ತೆಳುಬಟ್ಟೆಯ ಮರೆ ಬೇಕು, ಧೂಳಿಲ್ಲದ ಕೆಲಸ ಇನ್ನೂ ಒಳ್ಳೆಯದು.

ಕರುಳಿನ ಶಸ್ತ್ರಚಿಕಿತ್ಸೆಯಾಗಿ ಹೊಟ್ಟೆಗೆ ಚೀಲ ಹಾಕಿಕೊಂಡವರಿಗೆ, ಮೂತ್ರ ತಡೆಯಲಾಗದವರಿಗೆ ಹತ್ತಿರದಲ್ಲೇ ಶುಚಿಯಾದ ಶೌಚಾಲಯ ಮತ್ತು ನೀರು ಇರಲೇಬೇಕು. "ನಮಾಝ್ ಹೇಗೆ?" ಎಂಬ ಚಿಂತೆಯಿಂದಲೇ ಕೆಲವರು ಮಸೀದಿಗೂ ಕೆಲಸಕ್ಕೂ ಹೋಗುವುದನ್ನು ಬಿಡುತ್ತಾರೆ. ಇಂಥ ಅನಾರೋಗ್ಯದವರಿಗೆ ಶರೀಅತ್ತಿನಲ್ಲಿ ರಿಯಾಯಿತಿ ಇದೆ. ವುಝೂ, ತಯಮ್ಮುಮ್ ಬಗ್ಗೆ ನಿಮ್ಮ ಊರಿನ ಆಲಿಮರನ್ನು ನಾಚಿಕೆಯಿಲ್ಲದೆ ಕೇಳಿ. ರಮಝಾನಿನ ಉಪವಾಸದ ಬಗ್ಗೆ ಮೊದಲು ವೈದ್ಯರನ್ನು, ಬಳಿಕ ಆಲಿಮರನ್ನು ಕೇಳಿ ನಿರ್ಧರಿಸಿ.

ಮರಳುವುದು ಹೇಗೆ?

ಕೆಲಸಕ್ಕೆ ಹೋಗುವ ಮೊದಲು ವೈದ್ಯರಲ್ಲಿ ನಿಮ್ಮ ಕೆಲಸ ಏನೆಂದು ಬಿಡಿಸಿ ಹೇಳಿ. "ಕೆಲಸ ಮಾಡಬಹುದಾ?" ಎಂದಷ್ಟೇ ಕೇಳಿದರೆ ಅವರು ಕುರ್ಚಿಯ ಕೆಲಸ ಎಂದುಕೊಂಡಾರು. ಎಷ್ಟು ಗಂಟೆ ನಿಲ್ಲಬೇಕು, ಎಷ್ಟು ಭಾರ ಎತ್ತಬೇಕು, ಧೂಳು, ಬಿಸಿ, ರಾತ್ರಿ ಪಾಳಿ ಇದೆಯೇ ಎಂದು ತಿಳಿಸಿ. ಏನು ಮಾಡಬಾರದು, ಎಷ್ಟು ದಿನ ಎಂಬುದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ.

ಮೊದಲ ವಾರಗಳಲ್ಲಿ ದಿನಕ್ಕೆ ಎರಡು-ಮೂರು ಗಂಟೆ, ಆಮೇಲೆ ಅರ್ಧ ದಿನ, ಮೈ ಒಪ್ಪಿದರೆ ಪೂರ್ತಿ ದಿನ. ಕಷ್ಟದ ಕೆಲಸವನ್ನು ಶಕ್ತಿ ಹೆಚ್ಚಿರುವ ಹೊತ್ತಿಗೆ ಇಟ್ಟುಕೊಳ್ಳಿ. ಮರೆವು ಹೆಚ್ಚಿದ್ದರೆ ಲೆಕ್ಕ, ಕೊಡುಕೊಳ್ಳುವಿಕೆಯನ್ನು ಬರೆದಿಡಿ.

ಮಾಲೀಕರಿಗೆ ಒಂದು ಮಾತು. ನಿಮ್ಮಿಂದ ದೊಡ್ಡ ಖರ್ಚು ಯಾರೂ ಕೇಳುತ್ತಿಲ್ಲ. ನಾಲ್ಕು ಮಗ್ಗ ನೋಡುತ್ತಿದ್ದವರಿಗೆ ಕೆಲಕಾಲ ಎರಡು ಕೊಡಿ. ರಾತ್ರಿ ಪಾಳಿ ಬದಲು ಹಗಲು ಕೊಡಿ. ಬೀಮ್ ಎತ್ತಲು ಬೇರೆಯವರನ್ನು ಕರೆಯಿರಿ. ಕುಳಿತುಕೊಳ್ಳಲು ಒಂದು ಸ್ಟೂಲ್ ಇಡಿ. ಮೂಟೆ ಹೊರಲಾಗದ ಹಮಾಲರಿಗೆ ತೂಕ ಬರೆಯುವ ಕೆಲಸ ಆದೀತು. ಮುಂಗಡದ ಕಡಿತವನ್ನು ಕೆಲವು ತಿಂಗಳು ಮುಂದೂಡಿ. ತಪಾಸಣೆಗೆ ಹೋಗುವ ದಿನ ಮುನಿಸಿಕೊಳ್ಳಬೇಡಿ. ಮೊದಲ ಎರಡು ವರ್ಷ ಸಾಮಾನ್ಯವಾಗಿ ಮೂರು-ನಾಲ್ಕು ತಿಂಗಳಿಗೊಮ್ಮೆ ತಪಾಸಣೆ ಇರುತ್ತದೆ. ಹುಬ್ಬಳ್ಳಿಯ ಕ್ಯಾನ್ಸರ್ ಆಸ್ಪತ್ರೆಗೋ ಬೆಂಗಳೂರಿನ ಕಿದ್ವಾಯಿಗೋ ಹೋಗಿ ಬರಲು ಒಂದೆರಡು ದಿನ ಬೇಕೇ ಬೇಕು. ಆ ದಿನದ ಮಜೂರಿ ಉಳಿಸಲು ತಪಾಸಣೆ ತಪ್ಪಿಸಿದರೆ ಮರಳಿ ಬಂದ ರೋಗ ತಡವಾಗಿ ಕಂಡೀತು.

ಬಚ್ಚಿಡುವುದರಿಂದ ಆಗುವ ನಷ್ಟ

ಕ್ಯಾನ್ಸರ್ ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವಲ್ಲ. ಒಂದೇ ತಟ್ಟೆಯಲ್ಲಿ ಉಂಡರೆ, ಒಂದೇ ಲೋಟದಲ್ಲಿ ಚಹಾ ಕುಡಿದರೆ, ಪಕ್ಕದಲ್ಲಿ ನಿಂತು ನಮಾಝ್ ಮಾಡಿದರೆ ಬರುವುದಿಲ್ಲ. ಆದರೂ ಮಗಳ ನಿಕಾಹ್‌ಗೆ ಅಡ್ಡಿಯಾದೀತೆಂದು ತಾಯಿಯ ಕಾಯಿಲೆಯನ್ನು ಮುಚ್ಚಿಡುವ ಮನೆಗಳಿವೆ. ಮುಚ್ಚಿಟ್ಟರೆ ಆ ತಾಯಿ ಯಾರ ಬಳಿಯೂ ಹಗುರ ಕೆಲಸ ಕೇಳುವಂತಿಲ್ಲ, ತಪಾಸಣೆಗೆ ರಜೆ ಕೇಳುವಂತಿಲ್ಲ. ಊರಿಗೆಲ್ಲ ಸಾರಬೇಕಿಲ್ಲ, ಕೆಲಸ ಕೊಡುವ ಒಬ್ಬರಿಗೆ ಅಗತ್ಯವಿದ್ದಷ್ಟು ಹೇಳಿದರೆ ಸಾಕು. ಕೇಳಿದವರು ಅದನ್ನು ಅಮಾನತ್ ಎಂದು ಕಾಪಾಡಬೇಕು.

ಸಿಗಬಹುದಾದ ಆಸರೆ

2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ಆದರೆ ಅದು ಆಸ್ಪತ್ರೆಯ ಖರ್ಚಿಗೆ, ಹೋದ ಮಜೂರಿಗಲ್ಲ.

ಇಎಸ್‌ಐ ಇರುವ ಕಾರ್ಖಾನೆಯಲ್ಲಿ ನಿಗದಿತ ಅವಧಿ ವಂತಿಗೆ ಕಟ್ಟಿದವರಿಗೆ, ಕ್ಯಾನ್ಸರ್‌ನಂಥ ದೀರ್ಘ ಕಾಯಿಲೆಯಲ್ಲಿ ವೇತನದ ಶೇ. 80ರಷ್ಟು ಭತ್ಯೆ ಎರಡು ವರ್ಷದವರೆಗೆ ಸಿಗಬಹುದು. ಹತ್ತಕ್ಕಿಂತ ಕಡಿಮೆ ಕೆಲಸಗಾರರಿರುವ ಮನೆಮಗ್ಗಗಳಿಗೆ ಸಾಮಾನ್ಯವಾಗಿ ಇದು ದಕ್ಕುವುದಿಲ್ಲ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಕ್ಯಾನ್ಸರ್ ಎಂಬ ಹೆಸರಿಲ್ಲ. ಆದರೆ ಧ್ವನಿಪೆಟ್ಟಿಗೆ ತೆಗೆದು ಮಾತು ಹೋದವರು, ಕೈಕಾಲಿನ ಬಲ ಶಾಶ್ವತವಾಗಿ ಕುಂದಿದವರು ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು. ನ್ಯೂನತೆ ಶೇ. 40 ಅಥವಾ ಹೆಚ್ಚಿದ್ದರೆ ಅನೇಕ ಸೌಲಭ್ಯಗಳಿವೆ. ಸರ್ಕಾರಿ ನೌಕರಿಯಲ್ಲಿದ್ದಾಗ ನ್ಯೂನತೆ ಬಂದರೆ ಕೆಲಸದಿಂದ ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ ಎಂದೂ ಈ ಕಾಯ್ದೆ ಹೇಳುತ್ತದೆ.

ಉಳಿದದ್ದು ಜಮಾಅತಿನ ಹೊಣೆ. ಆಪರೇಷನ್ನಿಗೆ ಚಂದಾ ಎತ್ತುವುದು ನಮಗೆ ರೂಢಿಯಿದೆ. ಆಪರೇಷನ್ ಆದ ಮೇಲಿನ ಆರು ತಿಂಗಳು ಆ ಮನೆಯ ಒಲೆ ಹೇಗೆ ಉರಿಯುತ್ತದೆ ಎಂದು ಕೇಳುವವರು ಕಡಿಮೆ. ಬಡವರಿಗೂ ಸಾಲದಲ್ಲಿ ಸಿಕ್ಕಿಕೊಂಡವರಿಗೂ ಝಕಾತಿನಲ್ಲಿ ಹಕ್ಕಿದೆ. ಅರ್ಹರಾದವರಿಗೆ ಆ ಆರು ತಿಂಗಳ ರೇಷನ್, ತಪಾಸಣೆಯ ಬಸ್ ಚಾರ್ಜು, ಹಮಾಲಿ ಬಿಟ್ಟವರಿಗೆ ಒಂದು ತೂಕದ ಯಂತ್ರ, ನಿಂತು ಮಾಡುವ ಕೆಲಸ ಬಿಟ್ಟ ತಾಯಿಗೆ ಮೋಟಾರಿನ ಹೊಲಿಗೆ ಯಂತ್ರ ಕೊಟ್ಟರೆ ಅವರು ಮುಂದೆ ಕೈಯೊಡ್ಡುವ ಸಂದರ್ಭ ಬಾರದು.

ಸ್ವಂತ ಕೈಯ ದುಡಿಮೆಯ ಅನ್ನಕ್ಕಿಂತ ಒಳ್ಳೆಯ ಅನ್ನವಿಲ್ಲ ಎಂದು ನಮ್ಮ ಪ್ರವಾದಿ(ಸ) ಕಲಿಸಿದ್ದಾರೆ. ದಾವೂದ್(ಅ) ಅವರೂ ದುಡಿದೇ ಉಣ್ಣುತ್ತಿದ್ದರು ಎಂದಿದ್ದಾರೆ. ಕಾಯಿಲೆಯಿಂದ ಎದ್ದವರಿಗೆ ಆ ಅನ್ನದ ಆಸೆ ಇನ್ನೂ ಹೆಚ್ಚು. ನಿಮ್ಮ ಓಣಿಯಲ್ಲಿ ಅಂಥವರೊಬ್ಬರು ಇದ್ದರೆ ಈ ಜುಮುಅದ ನಂತರ ಹತ್ತಿರ ಹೋಗಿ ಮಾತಾಡಿಸಿ. "ಪಾಪ, ಹೇಗಿದ್ದೀರಿ?" ಎಂದಷ್ಟೇ ಕೇಳಿ ಬರಬೇಡಿ. "ಯಾವ ಕೆಲಸ ಮಾಡಲು ಆಗುತ್ತದೆ, ನಾನೇನು ಹೊಂದಿಸಿಕೊಡಲಿ?" ಎಂದು ಕೇಳಿ.