ನೀರುಕಾಗೆಗಳು ಸೇತುವೆ ಹತ್ತಿದ ಕತೆ

ಪೋರ್ಟ್‌ಲ್ಯಾಂಡಿನಿಂದ ಸುಮಾರು ಎರಡು ಗಂಟೆ ಕಾರು ಓಡಿಸಿದರೆ ಆಸ್ಟೋರಿಯಾ ಸಿಗುತ್ತೆ. ಕೊಲಂಬಿಯಾ ನದಿ ಪೆಸಿಫಿಕ್ ಸಾಗರ ಸೇರೋ ಜಾಗದಲ್ಲಿರುವ ಪುಟ್ಟ ಊರು. ಅಲ್ಲಿಂದ ಆಚೆ ದಡದ ವಾಷಿಂಗ್ಟನ್ ರಾಜ್ಯಕ್ಕೆ ನಾಲ್ಕು ಮೈಲಿ ಉದ್ದದ ಉಕ್ಕಿನ ಸೇತುವೆ ಇದೆ. ಹೋದ ಬೇಸಿಗೆಯಲ್ಲಿ ಆ ಸೇತುವೆ ಕೆಳಗೆ ನಿಂತು ಚಿಪ್ಸ್ ತಿನ್ನುತ್ತಿದ್ದಾಗ ಜೊತೆಗಿದ್ದ ಗೆಳೆಯ ಮೇಲೆ ಕೈ ತೋರಿಸಿ, "ಲೋ, ಇವು ನಮ್ಮೂರ ಕೆರೆಯ ನೀರುಕಾಗೆ ಅಲ್ವೇನೋ?" ಅಂದ. ಹೌದು, ಅದೇ ಕುಲ. ಇಲ್ಲಿನದು ಡಬಲ್-ಕ್ರೆಸ್ಟೆಡ್ ಕಾರ್ಮೊರೆಂಟ್. ಒಂದಲ್ಲ ಎರಡಲ್ಲ, ಕಂಬಿ ಕಂಬಿಗೂ ಗೂಡು, ಕೆಳಗೆಲ್ಲಾ ಸುಣ್ಣ ಬಳಿದ ಹಾಗೆ ಹಿಕ್ಕೆ. ಕೂರೋಕೆ ಬೇರೆ ಜಾಗ ಸಿಗಲಿಲ್ವಾ ಇವಕ್ಕೆ ಅಂತ ನಕ್ಕೆವು. ಮನೆಗೆ ಬಂದು ಓದಿದ ಮೇಲೆ ಗೊತ್ತಾಯ್ತು, ಜಾಗ ಇತ್ತು, ಬಿಟ್ಟು ಬಂದಿವೆ!

ಕತೆಯ ಮೂಲದಲ್ಲಿರೋದು ಸಾಲ್ಮನ್ ಮೀನು. ಮೇಲಿನ ಹೊಳೆಗಳಲ್ಲಿ ಹುಟ್ಟುವ ಮರಿಗಳು ವಸಂತದಲ್ಲಿ ಸಮುದ್ರಕ್ಕೆ ಇಳಿಯುತ್ತವೆ, ದೊಡ್ಡವಾಗಿ ಮೊಟ್ಟೆಯಿಡಲು ಹುಟ್ಟಿದ ಹೊಳೆಗೇ ವಾಪಸ್ಸು. ಈ ನದಿ ವ್ಯವಸ್ಥೆಯ 13 ಸಾಲ್ಮನ್ ಮತ್ತು ಸ್ಟೀಲ್‌ಹೆಡ್ ಗುಂಪುಗಳು ಅಪಾಯದಲ್ಲಿರುವ ಜೀವಿಗಳ ಕಾನೂನಿನ ಪಟ್ಟಿಯಲ್ಲಿವೆ. ಮರಿಗಳು ಇಳಿಯೋ ಹೊತ್ತು, ಹಕ್ಕಿಗಳು ಗೂಡು ಕಟ್ಟೋ ಹೊತ್ತು ಎರಡೂ ಒಂದೇ. ಊಟದ ತಟ್ಟೆ ಮನೆ ಬಾಗಿಲಿಗೇ ತೇಲಿ ಬಂದರೆ ಯಾರು ಬೇಡ ಅಂತಾರೆ?

ಮೊದಲು ಸಿಕ್ಕಿಬಿದ್ದಿದ್ದು ನೀರುಕಾಗೆ ಅಲ್ಲ, ಕ್ಯಾಸ್ಪಿಯನ್ ಟರ್ನ್ ಅನ್ನೋ ಬಿಳಿ ಹಕ್ಕಿ. ಹಡಗುಗಳಿಗಾಗಿ ನದಿಯ ಹೂಳು ತೆಗೆದು ಸುರಿದದ್ದರಿಂದ ಆದ ರೈಸ್ ಐಲ್ಯಾಂಡಿನಲ್ಲಿ ಅವು ಸಾವಿರಗಟ್ಟಲೆ ಸೇರಿದ್ದವು. ಅಂದರೆ ಮನೆ ಕಟ್ಟಿಕೊಟ್ಟವರೂ ನಾವೇ. 1998ರಲ್ಲಿ ಅವು ತಿಂದ ಸಾಲ್ಮನ್ ಮರಿ ಸುಮಾರು 1.2 ಕೋಟಿ ಅಂತ ಸಂಶೋಧಕರ ಅಂದಾಜು. ಆಗ ಮಾಡಿದ ಉಪಾಯ ನನಗೆ ತುಂಬಾ ಇಷ್ಟವಾಯ್ತು. ಕೊಲ್ಲಲಿಲ್ಲ. ಸಮುದ್ರಕ್ಕೆ ಹತ್ತಿರವಿರುವ ಈಸ್ಟ್ ಸ್ಯಾಂಡ್ ಐಲ್ಯಾಂಡಿನಲ್ಲಿ ಮರಳು ಹದ ಮಾಡಿ, ಗೊಂಬೆ ಹಕ್ಕಿಗಳನ್ನು ಇಟ್ಟು, ಧ್ವನಿವರ್ಧಕದಲ್ಲಿ ಟರ್ನ್‌ಗಳ ಕೂಗು ಹಾಕಿದರು. 2001ರ ಹೊತ್ತಿಗೆ ಹಕ್ಕಿಗಳೆಲ್ಲಾ ಅಲ್ಲಿಗೆ ಶಿಫ್ಟ್! ಅಲ್ಲಿ ಆಂಚೊವಿ, ಹೆರಿಂಗ್‌ನಂಥ ಸಮುದ್ರದ ಮೀನೂ ಸಿಗುತ್ತೆ. ಊಟದಲ್ಲಿ ಮುಕ್ಕಾಲು ಭಾಗಕ್ಕೂ ಹೆಚ್ಚಿದ್ದ ಸಾಲ್ಮನ್ ಪಾಲು ಸುಮಾರು ಮೂರನೇ ಒಂದಕ್ಕೆ ಇಳಿಯಿತು.

ಇದೆಲ್ಲಾ ಹೇಗೆ ಗೊತ್ತು ಅಂತೀರಾ? ಇಂಜಿನಿಯರ್ ಬುದ್ಧಿ, ನನಗೂ ಅದೇ ಕುತೂಹಲ. ಲಕ್ಷಾಂತರ ಮೀನುಮರಿಗಳ ಹೊಟ್ಟೆಯೊಳಗೆ ಅಕ್ಕಿಕಾಳಿನಷ್ಟು ಉದ್ದದ ಚಿಪ್ ಸೇರಿಸಿರುತ್ತಾರೆ. ಬ್ಯಾಟರಿ ಇಲ್ಲ, ರೀಡರ್ ಹತ್ತಿರ ತಂದರೆ ನಂಬರ್ ಹೇಳುತ್ತೆ, ಆಫೀಸಿನ ಬಾಗಿಲಿನ ಕಾರ್ಡಿನಂತೆ. ಹಕ್ಕಿಗಳು ದ್ವೀಪ ಬಿಟ್ಟ ಮೇಲೆ ಆ ನೆಲದ ಮೇಲೆಲ್ಲಾ ರೀಡರ್ ಓಡಿಸಿ, ಹಿಕ್ಕೆಯಲ್ಲಿ ಬಿದ್ದ ಚಿಪ್ ಲೆಕ್ಕ ಹಾಕುತ್ತಾರೆ. ಇಂಥ ಲಾಗ್ ಫೈಲ್ ನಾನು ಕಂಡಿರಲಿಲ್ಲ.

ಇನ್ನು ನೀರುಕಾಗೆ. ಅವೂ ಈಸ್ಟ್ ಸ್ಯಾಂಡ್‌ನಲ್ಲೇ ಬೆಳೆದು ಸುಮಾರು 15,000 ಜೋಡಿಗಳಾದವು. ಈ ಸಲ ಗೊಂಬೆ, ಧ್ವನಿವರ್ಧಕ ಯಾವುದೂ ಇಲ್ಲ. ಅಮೆರಿಕದ ಆರ್ಮಿ ಕೋರ್ ಆಫ್ ಇಂಜಿನಿಯರ್ಸ್ 2015ರಲ್ಲಿ ಕೋವಿ ಎತ್ತಿತು. ನಾಲ್ಕು ವರ್ಷದಲ್ಲಿ ಸುಮಾರು 11,000 ಹಕ್ಕಿ ಕೊಂದು, ಮೊಟ್ಟೆಗೆ ಎಣ್ಣೆ ಬಳಿದು, ಸಂಖ್ಯೆಯನ್ನು 5,600 ಜೋಡಿಗೆ ಇಳಿಸೋದು ಯೋಜನೆ. ಪಕ್ಷಿಪ್ರಿಯರು ಕೋರ್ಟಿಗೆ ಹೋದರು. ಆ ನದಿಯ ಆಣೆಕಟ್ಟುಗಳನ್ನು ನಡೆಸೋದ್ರಲ್ಲೂ ಇದೇ ಕೋರ್‌ಗೆ ದೊಡ್ಡ ಪಾಲು, ಮೀನು ಉಳಿಸೋಕೆ ಅಲ್ಲೇ ಏನಾದರೂ ಬದಲಾಯಿಸಬಹುದಾ ಅಂತ ನೋಡದೆ ಹಕ್ಕಿ ಹೊಡೆಯೋದು ಯಾವ ನ್ಯಾಯ ಅಂತ. ಪರ್ಯಾಯಗಳನ್ನು ಸರಿಯಾಗಿ ಪರಿಶೀಲಿಸಿಲ್ಲ, ಕಾನೂನು ಮುರಿದಿದ್ದೀರಿ ಅಂತ 2016ರಲ್ಲಿ ನ್ಯಾಯಾಧೀಶರು ಹೇಳಿದರು. ಆದರೆ ಹೊಡೆಯೋದನ್ನು ನಿಲ್ಲಿಸಲಿಲ್ಲ! ಮೀನುಗಾರರ ಕಡೆಯ ಮಾತನ್ನೂ ತಳ್ಳಿಹಾಕೋಕಾಗಲ್ಲ ಬಿಡಿ. ಆಣೆಕಟ್ಟಿನ ಟರ್ಬೈನ್ ದಾಟಿ ಬದುಕಿ ಬಂದ ಮರಿ ಕೊನೇ ಮೈಲಿಯಲ್ಲಿ ಹಕ್ಕಿಯ ಹೊಟ್ಟೆ ಸೇರಿದರೆ ಯಾರಿಗಾದರೂ ಸಂಕಟ ಆಗುತ್ತೆ. ಆದರೆ ಹಕ್ಕಿ ತಿನ್ನದಿದ್ದರೂ ಆ ಮರಿಗಳಲ್ಲಿ ಬಹಳಷ್ಟು ಬೇರೆ ಕಾರಣಕ್ಕೆ ಸಾಯುತ್ತಿದ್ದವು ಅಂತ ಸರ್ಕಾರದ್ದೇ ವನ್ಯಜೀವಿ ಇಲಾಖೆಯ ಒಂದು ವಿಶ್ಲೇಷಣೆ ಹೇಳಿತ್ತು. ಅದನ್ನು ಕೇಳಿದವರು ಕಡಿಮೆ.

2016ರ ಮೇ ತಿಂಗಳಲ್ಲಿ ನೀರುಕಾಗೆಗಳು ಮೊಟ್ಟೆ, ಗೂಡು ಎಲ್ಲಾ ಬಿಟ್ಟು ದ್ವೀಪದಿಂದ ಎದ್ದು ಹೋದವು. ಹದ್ದುಗಳ ಕಾಟ ಅಂದರು ಕೆಲವರು, ಕೋವಿಯ ಸದ್ದು ಅಂದರು ಕೆಲವರು. ಆಮೇಲೆ ಆ ದ್ವೀಪ ಮೊದಲಿನಂತೆ ತುಂಬಲಿಲ್ಲ. ಬಹಳಷ್ಟು ಹಕ್ಕಿಗಳು ಕೆಲವೇ ಮೈಲಿ ಮೇಲಿರುವ ಆಸ್ಟೋರಿಯಾ ಸೇತುವೆಗೆ ಬಂದವು. ಅಲ್ಲಿ ನೀರು ಹೆಚ್ಚು ಸಿಹಿ, ಸಮುದ್ರದ ಮೀನು ಕಮ್ಮಿ. ಹಾಗಾಗಿ ತಲಾ ಒಂದೊಂದು ಹಕ್ಕಿ ಮೊದಲಿಗಿಂತ ಹೆಚ್ಚು ಸಾಲ್ಮನ್ ತಿನ್ನತೊಡಗಿತು! ಟರ್ನ್ ಮೇಲೆ ಗೆದ್ದ ಪಾಠವೇ ಇಲ್ಲಿ ಉಲ್ಟಾ ಹೊಡೀತು. ಶುಕ್ರವಾರ ಸಂಜೆ ಒಂದು ಬಗ್ ಸರಿಮಾಡಿ, ಸೋಮವಾರ ಇಡೀ ಸರ್ವರ್ ಬಿದ್ದಿರೋದನ್ನು ನೋಡಿದವರಿಗೆ ಈ ಹೊಟ್ಟೆನೋವು ಅರ್ಥ ಆಗುತ್ತೆ.

ಮದ್ದೂರಿನ ಹತ್ತಿರದ ಕೊಕ್ಕರೆ ಬೆಳ್ಳೂರು ನೆನಪಾಯ್ತು. ಅಲ್ಲಿ ಹೆಜ್ಜಾರ್ಲೆಗಳು ಊರೊಳಗಿನ ಮರದಲ್ಲೇ ಗೂಡು ಕಟ್ಟುತ್ತವೆ, ಊರವರು ಅವನ್ನು ಹೆರಿಗೆಗೆ ಬಂದ ಮನೆಮಗಳು ಅಂತಾರೆ, ಹಿಕ್ಕೆ ಹೊಲಕ್ಕೆ ಗೊಬ್ಬರ. ಆದರೆ ಅಲ್ಲಿನವರ ಹೊಟ್ಟೆಪಾಡು ಮೀನಲ್ಲ, ಬೇಸಾಯ. ಹೋಲಿಸೋದು ಸುಲಭ, ನ್ಯಾಯ ಅಲ್ಲ.

ಆಸ್ಟೋರಿಯಾದಲ್ಲಂತೂ ಹಿಕ್ಕೆ ಉಕ್ಕನ್ನು ತಿನ್ನುತ್ತೆ, ಸೇತುವೆ ತಪಾಸಣೆಗೆ ಬರೋರಿಗೆ ಬಿರುಕು ಕಾಣದ ಹಾಗೆ ಮುಚ್ಚುತ್ತೆ. ಈಗ ಅವನ್ನು ಸೇತುವೆಯಿಂದ ಎಬ್ಬಿಸಿ ವಾಪಸ್ ಅದೇ ದ್ವೀಪಕ್ಕೆ ಕರೆಯೋದು ಹೇಗೆ ಅನ್ನೋದು ಚರ್ಚೆ.